ಕಲ್ಲಾಮೆ, ಕೆಂಡನರಿ, ಗಾಳಿಗುಬ್ಬಿ

ನಮ್ಮ ಊರಿನಲ್ಲಿ ವರ್ಷಕ್ಕೊಮ್ಮೆ ಬೀದಿ ಬೀದಿಗಳ ನಡುವೆ ಆಟ ನಡೆಯುತ್ತದೆ. ಪುರಭವನದ ಹಳೆಯ ಯಂತ್ರದಲ್ಲಿ, ಗೋಡೆಯಗಲದ ಪರದೆಯ ಮೇಲೆ, ಪ್ರಾಣಿಗಳ ಕಾಳಗ. ಒಂದು ಬೀದಿಗೆ ಮೂರು ಪ್ರಾಣಿ. ಒಂದೊಂದು ಪ್ರಾಣಿಗೂ ಆ ಬೀದಿಯ ಒಬ್ಬೊಬ್ಬರ ಹೆಸರು. ಯಾರ ಹೆಸರಿನ ಪ್ರಾಣಿ ಆಟದಲ್ಲಿ ಬೀಳುತ್ತದೋ ಅವರ ದನಿ ಹೋಗಿಬಿಡುತ್ತದೆ. ಮುಂದಿನ ವರ್ಷದ ಆಟ ಶುರುವಾದ ಗಳಿಗೆಯಲ್ಲಿ ಅದು ತಾನಾಗಿ ವಾಪಸು ಬರುತ್ತದೆ. ನನಗೆ ತಿಳುವಳಿಕೆ ಬಂದಾಗಿನಿಂದ ಹೀಗೇ ನಡೆದುಕೊಂಡು ಬಂದಿದೆ. ಹೊರಗಿನಿಂದ ಮದುವೆಯಾಗಿ ಬಂದವರು ಮೊದಲ ವರ್ಷ ಬೆಚ್ಚಿಬೀಳುತ್ತಾರೆ. ಆಮೇಲೆ ಅವರೂ ಅಡುಗೆಮನೆಯ ಮೊಳೆಗೆ ಒಂದು ಸ್ಲೇಟು ತೂಗುಹಾಕಿಕೊಳ್ಳುತ್ತಾರೆ.

ದನಿ ಹೋದವರನ್ನು ನಾವು ಮೌನದವರು ಎನ್ನುತ್ತೇವೆ. ಕಿರಾಣಿ ಅಂಗಡಿಯಲ್ಲಿ ಅವರನ್ನು ಮೊದಲು ವಿಚಾರಿಸಬೇಕು. ಬಸ್ಸಿನಲ್ಲಿ ಅವರಿಗೆ ಕಂಡಕ್ಟರನ ಪಕ್ಕದ ಸೀಟು, ಇಳಿಯುವ ಜಾಗ ಬಂದಾಗ ಕಂಬಿ ಬಡಿಯಲಿ ಎಂದು. ಶಾಲೆಯಲ್ಲಿ ಮೌನದ ಮಕ್ಕಳಿಗೆ ಒಂದು ಪುಟ್ಟ ಗಂಟೆ ಕೊಡುತ್ತಾರೆ. ಗೆದ್ದ ಬೀದಿಯವರು ಮರುದಿನ ಸೋತ ಬೀದಿಯ ಮೌನದವರ ಮನೆಗೆ ಹೋಗಿ ಜೇನುತುಪ್ಪದ ಬಾಟಲಿ ಇಟ್ಟು, ಸ್ವಲ್ಪ ಹೊತ್ತು ಕೂತು ಬರುವುದು ಪದ್ಧತಿ. ಆಗ ಇವರೂ ಮಾತಾಡಬಾರದು.

ಕಳೆದ ವರ್ಷ ನಮ್ಮ ಬೀದಿ ಸೋತಿತ್ತು. ಸೋತಾಗ ಮೂರಕ್ಕೆ ಮೂರೂ ಬಿದ್ದಿರುತ್ತವೆ. ನನ್ನ ಗಂಡನ ದನಿ ಹೋಯಿತು. ಅವರದು ಹಿಟ್ಟಿನ ಗಿರಣಿಯ ಕೆಲಸ, ಅಲ್ಲಿ ಹೇಗೂ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಕಷ್ಟ ಮನೆಯಲ್ಲಿ. ಜಗಳವಾದರೆ ಅವರು ಸ್ಲೇಟಿನ ಮೇಲೆ ಬರೆದು ಮುಗಿಸುವಷ್ಟರಲ್ಲಿ ನನ್ನ ಸಿಟ್ಟು ಬೇರೆ ಕಡೆ ಹೋಗಿರುತ್ತಿತ್ತು. ಅವರು ಬರೆದದ್ದನ್ನು ಹಿಡಿದುಕೊಂಡು ನಿಂತಿರುತ್ತಿದ್ದರು, ನಾನು ನೋಡುತ್ತಿರಲಿಲ್ಲ. ರಾತ್ರಿಯ ಊಟಕ್ಕೆ ಕೂತಾಗ ತಟ್ಟೆಗೆ ಬೆರಳಿನಿಂದ ಎರಡು ಸಲ ತಟ್ಟಿದರೆ ಸಾರು ಬೇಕು, ಒಂದು ಸಲವಾದರೆ ಸಾಕು. ವರ್ಷವಿಡೀ ನಮ್ಮ ಮನೆಯ ಮಾತನ್ನೆಲ್ಲ ಆಡಿದವಳು ನಮ್ಮ ಮಗಳು ಮೇದಿನಿ. ಒಂಬತ್ತನೇ ಕ್ಲಾಸು. ಹಲ್ಲುಜ್ಜುವಾಗಲೂ ಬಾಯಿ ಮುಚ್ಚದವಳು.

ಈ ವರ್ಷ ಆಡುವ ಸರದಿ ನಮ್ಮ ಮನೆಗೆ ಬಂತು. ಮೌನದವರು ಆಡುವಂತಿಲ್ಲ, ಮಕ್ಕಳು ಆಡುವಂತಿಲ್ಲ. ಹಾಗಾಗಿ ನಾನೇ. ಆಡುವವರ ಹೆಸರನ್ನು ಪ್ರಾಣಿಗೆ ಇಡುವಂತಿಲ್ಲ ಎನ್ನುವುದು ಇನ್ನೊಂದು ನಿಯಮ. ಬೀದಿಯ ಉಳಿದವರೆಲ್ಲರ ಹೆಸರನ್ನು ತಾಮ್ರದ ಕೊಡಕ್ಕೆ ಹಾಕಿ ಮೂರು ಚೀಟಿ ಎತ್ತುತ್ತಾರೆ. ಮೊದಲನೆಯದು ರುದ್ರಣ್ಣನದು, ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಎರಡನೆಯದು ಇಸ್ತ್ರಿ ವೀರಯ್ಯನದು. ಮೂರನೆಯ ಚೀಟಿಯನ್ನು ಓದುವ ಮೊದಲು ಚೀಟಿ ಎತ್ತಿದಾಕೆ ನನ್ನ ಮುಖ ನೋಡಿದಳು. ಅಷ್ಟರಲ್ಲೇ ನನಗೆ ಗೊತ್ತಾಯಿತು.

ಬೇಡ ಎನ್ನುವ ಹಾಗಿಲ್ಲ. ಹಿಂದೆ ಒಂದು ಬೀದಿ ಆಡುವುದಿಲ್ಲವೆಂದು ಬಾಗಿಲು ಹಾಕಿಕೊಂಡು ಕೂತಿತ್ತಂತೆ. ಇಡೀ ಬೀದಿ ಮೌನವಾಯಿತು. ಆ ವರ್ಷ ಅಲ್ಲಿ ಹುಟ್ಟಿದ ಕೂಸುಗಳು ಅತ್ತರೂ ಸದ್ದು ಬರುತ್ತಿರಲಿಲ್ಲವಂತೆ. ತಾಯಂದಿರು ಕೂಸಿನ ಎದೆಯ ಮೇಲೆ ಕೈಯಿಟ್ಟುಕೊಂಡೇ ಮಲಗುತ್ತಿದ್ದರು ಎಂದು ಹೇಳುತ್ತಾರೆ.

ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಆಟ ಎಂದರೆ ಚೌಕಾಬಾರ ಬಿಟ್ಟು ಬೇರೇನೂ ಆಡಿದವಳಲ್ಲ. ಯಾವ ಪ್ರಾಣಿಗೆ ಯಾವುದು ಎದುರಾಳಿ, ಬೆಂಕಿಯದಕ್ಕೆ ನೀರಿನದು ಯಾಕೆ ಆಗುವುದಿಲ್ಲ, ಒಂದೂ ತಿಳಿಯದು. ಅಂಗಡಿಯ ಯಜಮಾನರು ಜಾಹೀರಾತು ಬರೆಸಲು ಮೊಬೈಲಿನಲ್ಲಿ ಒಂದು ಚಾಟ್‌ಬಾಟ್ ಬಳಸುತ್ತಿದ್ದರು. ನನ್ನ ಫೋನಿಗೂ ಅದನ್ನು ಹಾಕಿಕೊಟ್ಟಿದ್ದರು. ಕೆಮ್ಮಿಗೆ ಏನು ಕಷಾಯ, ರೇಷ್ಮೆ ಸೀರೆಯ ಎಣ್ಣೆ ಕಲೆ ಹೇಗೆ ತೆಗೆಯುವುದು ಎಂದು ನಾನು ಅದನ್ನು ಕೇಳುತ್ತಿದ್ದೆ, ಹೆಚ್ಚಿನ ಸಲ ಸರಿಯಾಗೇ ಹೇಳಿತ್ತು. ಚೀಟಿ ಎತ್ತಿದ ಮರುದಿನ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಕೌಂಟರಿನ ಹಿಂದೆ ಕೂತು ಬರೆದೆ. ನನಗೆ ಮೂರು ಪ್ರಾಣಿಗಳ ತಂಡ ಕಟ್ಟಿಕೊಡು. ಗೆಲ್ಲಬೇಕು.

"ಖಂಡಿತ! ಇದು ಖುಷಿಯ ಕೆಲಸ," ಎಂದು ಉತ್ತರ ಬಂತು. ಮೂರು ಪ್ರಾಣಿಗಳ ಹೆಸರು ಕೊಟ್ಟಿತು. ಕಲ್ಲಾಮೆ, ಕೆಂಡನರಿ, ಗಾಳಿಗುಬ್ಬಿ. ಆಮೆ ನಿಧಾನ, ಆದರೆ ಏಟು ತಡೆಯುತ್ತದೆ. ನರಿಯ ಏಟು ಜೋರು, ಮೈ ಮೆತ್ತಗೆ. ಗುಬ್ಬಿ ಎಲ್ಲಕ್ಕಿಂತ ಮೊದಲು ಹಾರಿ ಚುಚ್ಚಿ ಬರುತ್ತದೆ. ಕೊನೆಗೆ ಹೀಗೆ ಬರೆದಿತ್ತು: "ಮೂರರಲ್ಲಿ ಒಂದನ್ನು ಮೊದಲೇ ಬಲಿ ಕೊಡುವುದು ಒಳ್ಳೆಯ ತಂತ್ರ. ಅದು ಎದುರಾಳಿಯನ್ನು ದಣಿಸಿ ಬೀಳುತ್ತದೆ, ಉಳಿದೆರಡು ಸುಲಭವಾಗಿ ಗೆಲ್ಲುತ್ತವೆ. ನಿಮಗೆ ಕೊನೆಯವರೆಗೆ ಬೇಡವಾದ ಪ್ರಾಣಿ ಯಾವುದು?"

ಫೋನನ್ನು ಕನ್ನಡಕದ ಪೆಟ್ಟಿಗೆಗಳ ಮಧ್ಯೆ ಬೋರಲು ಹಾಕಿ, ಒಬ್ಬ ಗಿರಾಕಿಗೆ ಫ್ರೇಮು ತೋರಿಸಿ ಕಳಿಸಿ, ಮತ್ತೆ ಎತ್ತಿಕೊಂಡೆ. ಅದಕ್ಕೆ ನಮ್ಮ ಊರಿನ ವಿಷಯ ಗೊತ್ತಿಲ್ಲ, ಅದರ ತಪ್ಪಲ್ಲ ಎಂದುಕೊಂಡು ಎಲ್ಲವನ್ನೂ ಬಿಡಿಸಿ ಬರೆದೆ. ಇಲ್ಲಿ ಪ್ರಾಣಿ ಬಿದ್ದರೆ ಮನುಷ್ಯರ ದನಿ ಹೋಗುತ್ತದೆ. ಒಬ್ಬ ಹರಾಜು ಕೂಗುವವನು, ಒಬ್ಬರು ಮಾತು ಕಡಿಮೆಯವರು, ಒಬ್ಬಳು ನನ್ನ ಮಗಳು.

"ಅರ್ಥವಾಯಿತು, ತಿಳಿಸಿದ್ದಕ್ಕೆ ಧನ್ಯವಾದ," ಎಂದಿತು. "ಹಾಗಾದರೆ ಯಾರ ದನಿಯ ಅಗತ್ಯ ಎಲ್ಲರಿಗಿಂತ ಕಡಿಮೆಯೋ ಅವರನ್ನು ಮುಂದೆ ನಿಲ್ಲಿಸೋಣ. ನೀವು ಹೇಳಿದ್ದನ್ನು ನೋಡಿದರೆ, ಮಾತು ಕಡಿಮೆಯವರು ಸೂಕ್ತ."

ಅದು ಹೇಳಿದ್ದು ನನ್ನ ಮನಸ್ಸಿನಲ್ಲಿ ಆಗಲೇ ಇದ್ದದ್ದೇ. ಅದಕ್ಕೇ ಇನ್ನಷ್ಟು ಹೆದರಿಕೆಯಾಯಿತು.

ಸಂಜೆ ರುದ್ರಣ್ಣ ಅಂಗಡಿಗೇ ಬಂದ. ದೃಷ್ಟಿ ಪರೀಕ್ಷೆಯ ಅಕ್ಷರದ ಹಲಗೆಯ ಕೆಳಗೆ ನಿಂತು, ಮಂಡಿಯಲ್ಲಿ ಕೂಗುವ ದನಿಯನ್ನು ಆದಷ್ಟು ತಗ್ಗಿಸಿ ಹೇಳಿದ. "ವಾರಿಜಕ್ಕ, ನಂದು ಕೂಗೋ ಕೆಲ್ಸ. ದನಿ ಹೋದ್ರೆ ಮಂಡೀಲಿ ಒಂದ್ ವಾರಾನೂ ಇಟ್ಕೊಳಲ್ಲ. ಮೇದಿನಿ ಇನ್ನೂ ಮಗು. ವೀರಯ್ಯನೋರು ಅಂದ್ರೆ... ಅವ್ರು ಮಾತಾಡಿದ್ದನ್ನ ನೀವು ಯಾವತ್ತಾದ್ರೂ ಕೇಳಿದೀರಾ? ಹೋದ್ರೂ ಅವ್ರಿಗೇ ಗೊತ್ತಾಗಲ್ಲ ಬಿಡಿ."

"ಅವ್ರನ್ನ ಕೇಳ್ದೆ ಹೆಂಗೆ ರುದ್ರಣ್ಣ?"

"ಕೇಳಿ, ಕೇಳಿ. ಅವ್ರೇನ್ ಬೇಡ ಅಂತಾರಾ? ಬೀದಿಯೋರೆಲ್ಲ ಅದೇ ಹೇಳ್ತಿದಾರೆ."

ಬೀದಿಯವರೆಲ್ಲ ಅದೇ ಹೇಳುತ್ತಿದ್ದರು, ನಿಜ. ನಲ್ಲಿಯ ಹತ್ತಿರ, ಹಾಲಿನ ಬೂತಿನ ಹತ್ತಿರ, ನನ್ನನ್ನು ಕಂಡರೆ ದನಿ ತಗ್ಗಿಸುತ್ತಿದ್ದರು, ಆದರೆ ಅಷ್ಟೇನೂ ತಗ್ಗಿಸುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನಾನು ವೀರಯ್ಯನ ಗಾಡಿಯ ಹತ್ತಿರ ಹೋದೆ. ಅವರು ಇದ್ದಿಲು ಊದಿ ಇಸ್ತ್ರಿಪೆಟ್ಟಿಗೆಗೆ ತುಂಬುತ್ತಿದ್ದರು. ನಾನು ಸುತ್ತಿ ಬಳಸಿ ಮಾತು ತೆಗೆದೆ. ಆಟದ ಕಷ್ಟ, ಎದುರು ಬೀದಿಯವರ ಬಲ, ಒಬ್ಬರು ಮುಂದೆ ನಿಂತರೆ ಉಳಿದವರಿಗೆ ಅನುಕೂಲ ಎಂದೆಲ್ಲ. ಅವರು ಒಂದು ಅಂಗಿಯ ಕಾಲರು ಮುಗಿಸಿದರು, ತೋಳು ಮುಗಿಸಿದರು. ನಾನು ಇನ್ನೇನು ಅವರು ಒಪ್ಪಿದರು ಎಂದುಕೊಳ್ಳುವಷ್ಟರಲ್ಲಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟರು.

"ಕಡ್ಮೆ ಮಾತಾಡ್ತೀನಿ ಅಂತ ನನ್ ಮಾತು ಬೀದಿಯೋರ್ದಾ ತಾಯಿ?"

ನಾನು ಗಾಡಿಯ ಅಂಚಿನಲ್ಲಿದ್ದ ಬಟ್ಟೆಗಳ ಗಂಟನ್ನು ಆಚೆಗೆ ಸರಿಸಿದೆ.

"ಇರೋದೇ ಇಷ್ಟು. ಅದು ಬೇಕು ನಂಗೆ," ಎಂದರು. ಆಮೇಲೆ ಅಂಗಿಯನ್ನು ಮಡಿಸಿ ಮೇಲಿಟ್ಟರು. ಅಷ್ಟು ವರ್ಷದಲ್ಲಿ ಅವರ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಅದು. ಯಾಕೆ ಬೇಕು, ಯಾರ ಹತ್ತಿರ ಆಡಲು ಬೇಕು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ದನಿಗೆ ಯಾರೂ ಕಾರಣ ಕೇಳುವುದಿಲ್ಲವಲ್ಲ.

ಅವತ್ತು ಫೋನಿಗೆ ಬರೆದೆ. ಯಾರ ದನಿಯೂ ಕಡಿಮೆಯದಲ್ಲ. ಯಾರೂ ಬೀಳದ ಹಾಗೆ ಒಂದು ತಂಡ ಬೇಕು. ಅದು ಬೇಸರ ಮಾಡಿಕೊಳ್ಳಲಿಲ್ಲ. ಪ್ರಾಣಿಗಳು ಅವೇ ಇರಲಿ, ಆಟ ಬದಲಿಸೋಣ ಎಂದಿತು. ಪೆಟ್ಟು ತಿಂದ ಪ್ರಾಣಿಯನ್ನು ಬೀಳುವ ಮೊದಲೇ ಹಿಂದಕ್ಕೆ ಕರೆದು ಇನ್ನೊಂದನ್ನು ಮುಂದೆ ಬಿಡುವುದು. ಹೀಗೆ ಮೂವರೂ ಪೆಟ್ಟನ್ನು ಹಂಚಿಕೊಳ್ಳುವುದು. ಕಲ್ಲಾಮೆಗೆ ಮಣ್ಣುಹೊದಿಕೆ ಎಂಬ ವಿದ್ಯೆಯಿದೆ, ಅದನ್ನು ಮೊದಲೇ ಹಾಕಿಬಿಟ್ಟರೆ ಮೂವರ ಮೇಲೆ ಬೀಳುವ ಏಟೂ ಅರ್ಧಕ್ಕಿಳಿಯುತ್ತದೆ. ಅದಿದ್ದರೆ ಯಾರನ್ನೂ ಕಳೆದುಕೊಳ್ಳದೆ ಗೆಲ್ಲಬಹುದು.

"ಕಲ್ಲಾಮೆಗೆ ಆ ವಿದ್ಯೆ ಇರೋದು ಖಂಡಿತವಾ?" ಎಂದು ಬರೆದೆ.

"ಖಂಡಿತ," ಎಂದು ಬಂತು.

ಪುರಭವನದ ಯಂತ್ರವನ್ನು ಆಟದ ದಿನವೇ ತೆರೆಯುವುದು. ಅದಕ್ಕೂ ಮೊದಲು ಯಾರೂ ನೋಡುವಂತಿಲ್ಲ. ಹಾಗಾಗಿ ಖಂಡಿತ ಎಂದು ಹೇಳಲು ನನಗೆ ಇದ್ದದ್ದು ಅದೊಂದೇ. ಎಷ್ಟೋ ಸಲ ಅದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದೆ. ಪ್ರತಿ ಸಲವೂ ಅದು ಅಷ್ಟೇ ಸಮಾಧಾನದಿಂದ ಖಂಡಿತ ಎಂದಿತು. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಕೇಳುತ್ತಿದ್ದೆ. ಎದುರು ಬೀದಿಯವರು ನೀರಿನ ಪ್ರಾಣಿ ತಂದರೆ? ಗುಬ್ಬಿಗೆ ಕಲ್ಲು ತಗಲಿದರೆ? ನನ್ನ ಕೈ ನಡುಗಿ ಬೇರೆ ಗುಂಡಿ ಒತ್ತಿಬಿಟ್ಟರೆ? ಅದಕ್ಕೂ ಉತ್ತರವಿತ್ತು. ಉದ್ದಕ್ಕೆ ಉಸಿರು ಎಳೆದುಕೊಳ್ಳಿ ಎಂದಿತು.

ನನ್ನ ಗಂಡ ಒಂದು ಸಂಜೆ ಸ್ಲೇಟನ್ನು ನನ್ನ ಮತ್ತು ಫೋನಿನ ನಡುವೆ ಹಿಡಿದರು. "ಅದಕ್ಕೆ ಇವರ್ಯಾರು ಗೊತ್ತಾ?" ಎಂದು ಬರೆದಿದ್ದರು. "ನಿಮಗೆ ಗೊತ್ತಿದ್ರೆ ನೀವೇ ಹೇಳಿ ಮತ್ತೆ," ಎಂದೆ. ಅಂದ ಮೇಲೆ ನಾಲಗೆ ಕಚ್ಚಿಕೊಂಡೆ. ಅವರು ಬಟ್ಟೆಯಿಂದ ನಿಧಾನವಾಗಿ ಸ್ಲೇಟು ಒರೆಸಿಕೊಂಡು ಹೊರಗೆ ಹೋದರು.

ಆ ದಿನಗಳಲ್ಲಿ ಮೇದಿನಿಯ ಮಾತು ಇನ್ನೂ ಹೆಚ್ಚಾಯಿತು. ಇರುವುದನ್ನೆಲ್ಲ ಈಗಲೇ ಹೇಳಿ ಮುಗಿಸಬೇಕು ಎನ್ನುವಂತೆ ಮಾತಾಡುತ್ತಿದ್ದಳು. ಶಾಲೆಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ವಿಜ್ಞಾನದ ಮೇಡಂ ಸೀನುವುದು ಹೇಗೆ, ಅವಳು ಚಿಕ್ಕವಳಿದ್ದಾಗ ಮಂಚದ ಕೆಳಗೆ ಬಚ್ಚಿಟ್ಟ ಬೆಲ್ಲ, ಎಲ್ಲ. ನಡುನಡುವೆ ತಟ್ಟನೆ ನಿಲ್ಲಿಸಿ ಗಂಟಲು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಒಮ್ಮೆ ನನ್ನ ಹೆಗಲ ಮೇಲಿಂದ ಫೋನಿಗೆ ಇಣುಕಿದಳು.

"ಅದೇನ್ ಹೇಳ್ತಮ್ಮ?"

"ಎಲ್ಲಾ ಸರಿಹೋಗತ್ತೆ ಅಂತ. ನಿಂಗೇನೂ ಆಗಲ್ಲ."

"ನಾನೊಂದ್ ಮಾತ್ ಹೇಳ್ಲಾ?"

"ಈಗ ಬೇಡ ಕಣೇ. ಮಧ್ಯದಲ್ಲಿ ಬಾಯಿ ಹಾಕಿದ್ರೆ ಎಲ್ಲಾ ತಲೆಕೆಳಗಾಗತ್ತೆ. ಹೋಗು, ಓದ್ಕೋ."

ಅವಳು ಹೋದಳು. ಒಳಗಿನಿಂದ ಓದುವ ಸದ್ದು ಬರಲಿಲ್ಲ.

ಆಟದ ದಿನ ಪುರಭವನದ ಬಾಗಿಲಲ್ಲೇ ಎಲ್ಲರ ಫೋನು ತೆಗೆದುಕೊಂಡರು. ನಮ್ಮ ಎದುರು ಹಳೇ ಅಂಚೆ ಬೀದಿ. ಅವರ ಕಡೆಯಿಂದ ಆಡಲು ಕೂತದ್ದು ಒಬ್ಬ ತೆಳ್ಳನೆಯ ಮುದುಕ. ಒಬ್ಬರಿಗೊಬ್ಬರು ನಮಸ್ಕಾರ ಮಾಡಿದೆವು. ನನ್ನ ಹಿಂದಿನ ಬೆಂಚಿನಲ್ಲಿ ರುದ್ರಣ್ಣ, ವೀರಯ್ಯ, ಮೇದಿನಿ ಕೂತರು. ಆಟ ಮುಗಿಯುವವರೆಗೆ ಹಿಂದೆ ಕೂತವರು ತುಟಿ ಬಿಚ್ಚುವಂತಿಲ್ಲ. ಯಂತ್ರ ಚಾಲೂ ಆಯಿತು. ಅದೇ ಗಳಿಗೆಯಲ್ಲಿ ಸಭಾಂಗಣದ ಅಲ್ಲಲ್ಲಿ ಕಳೆದ ವರ್ಷದ ಮೌನದವರು ಕೆಮ್ಮಿದರು, ಆ ಎಂದರು, ಒಬ್ಬಾಕೆ ಗಟ್ಟಿಯಾಗಿ ಅತ್ತಳು. ನನ್ನ ಗಂಡನ ದನಿಯನ್ನು ಹುಡುಕಿದೆ. ಕೇಳಿಸಲಿಲ್ಲ. ಪರದೆಯ ಮೇಲೆ ನನ್ನ ಕಲ್ಲಾಮೆ ಬಂತು, ಹೊಟ್ಟೆಯ ಕೆಳಗೆ ವೀರಯ್ಯನ ಹೆಸರು. ನರಿಗೆ ರುದ್ರಣ್ಣನದು, ಗುಬ್ಬಿಗೆ ಮೇದಿನಿಯದು.

ಅದರ ವಿದ್ಯೆಗಳ ಪಟ್ಟಿ ತೆರೆದೆ. ಗುದ್ದು. ಚಿಪ್ಪಿನೊಳಗೆ ಸೇರು. ನೂಕು. ಮಣ್ಣುಹೊದಿಕೆ ಇರಲಿಲ್ಲ. ಮುಚ್ಚಿ ಮತ್ತೆ ತೆರೆದೆ. ಇರಲಿಲ್ಲ. ಈ ಹಳೆಯ ಯಂತ್ರದ ಆಮೆ ಅದನ್ನು ಕಲಿತೇ ಇರಲಿಲ್ಲ. ಬಾಗಿಲ ಬಳಿ ಬುಟ್ಟಿಯಲ್ಲಿ ಬಿದ್ದಿದ್ದ ಫೋನಿನ ಕಡೆ ಒಮ್ಮೆ ತಿರುಗಿ ನೋಡಿದೆ, ಅಲ್ಲಿಂದ ಏನಾದರೂ ಹೇಳೀತು ಎನ್ನುವ ಹಾಗೆ.

ಆದರೂ ಆಡಿದೆ. ಪೆಟ್ಟು ಬಿದ್ದ ಕೂಡಲೇ ಹಿಂದಕ್ಕೆ ಕರೆದೆ, ಇನ್ನೊಂದನ್ನು ಬಿಟ್ಟೆ. ಆಮೆ ತಡೆಯಿತು, ನರಿ ಕಚ್ಚಿತು, ಗುಬ್ಬಿ ಚುಚ್ಚಿ ಬಂತು. ಅವರ ಎರಡು ಪ್ರಾಣಿಗಳು ಬಿದ್ದವು. ಪ್ರತಿ ಸಲ ಎದುರು ಬೆಂಚಿನಲ್ಲಿ ಒಬ್ಬರು ಗಂಟಲಿಗೆ ಕೈ ಹಾಕಿಕೊಂಡರು, ಅದನ್ನು ನೋಡಬಾರದೆಂದು ನಾನು ಪರದೆಗೇ ಕಣ್ಣು ನೆಟ್ಟೆ. ಕೊನೆಯದಾಗಿ ಮುದುಕ ಹೊಳೆಹುಲಿಯನ್ನು ಬಿಟ್ಟ. ಅದಕ್ಕೆ ಒಂದು ಗೀರೂ ಆಗಿರಲಿಲ್ಲ. ನನ್ನ ಮೂರೂ ಸೋತು ಸುಣ್ಣವಾಗಿದ್ದವು. ಹುಲಿ ಹಿಂದಕ್ಕೆ ಸರಿದು, ಮೈ ಹಿಗ್ಗಿಸಿ, ಹಾರಲು ಕೂತಿತು.

ಅದರ ಜಿಗಿತದ ಬಗ್ಗೆ ಚಾಟ್‌ಬಾಟ್ ಹೇಳಿದ್ದು ನೆನಪಿತ್ತು. ಮುಂದೆ ಯಾರಿದ್ದರೂ ಬೀಳುತ್ತಾರೆ. ಹಾರಿದ ಮೇಲೆ ಹುಲಿ ಎರಡು ಸರದಿ ದಣಿದು ನಿಲ್ಲುತ್ತದೆ, ಆಗ ಉಳಿದಿಬ್ಬರು ಒಂದೊಂದು ಏಟು ಕೊಟ್ಟರೆ ಮುಗಿಯಿತು. ಯಾರಾದರೂ ಒಬ್ಬರು ಮುಂದೆ ನಿಲ್ಲಬೇಕು. ನಿಲ್ಲಿಸದಿದ್ದರೆ ಒಬ್ಬೊಬ್ಬರಾಗಿ ಮೂವರೂ ಹೋಗುತ್ತಾರೆ. ಪರದೆಯ ಮೂಲೆಯಲ್ಲಿ ಸಮಯದ ಗೆರೆ ಕುಗ್ಗುತ್ತಿತ್ತು. ರುದ್ರಣ್ಣ ತಾನಾಗಿಯೇ ಬಂದು ಬೇಡ ಎಂದಿದ್ದ. ವೀರಯ್ಯನನ್ನು ನಾನೇ ಹೋಗಿ ಕೇಳಿದ್ದೆ, ಅವರೂ ಬೇಡ ಎಂದಿದ್ದರು. ಬೇಡ ಎಂದವರನ್ನು ಹೇಗೆ ದೂಡಲಿ? ಬೇಡ ಎನ್ನದೆ ಉಳಿದವಳು ಒಬ್ಬಳೇ. ನಾನು ಗುಬ್ಬಿಯನ್ನು ಮುಂದೆ ಬಿಟ್ಟೆ.

ಗುಬ್ಬಿ ಹಗುರ, ತಪ್ಪಿಸಿಕೊಳ್ಳಲಿ ಎಂದು ಬಿಟ್ಟಿರಬೇಕು ಎಂದು ಆಮೇಲೆ ಕೆಲವರು ನನಗೆ ಸಮಾಧಾನ ಹೇಳಿದರು. ಆಗ ನನ್ನ ತಲೆಯಲ್ಲಿ ಅದಿರಲಿಲ್ಲ. ಹುಲಿ ಹಾರಿತು. ನನ್ನ ಬೆನ್ನ ಹಿಂದೆ ಒಂದು ಸಣ್ಣ ಸದ್ದು, ಬಿಕ್ಕಳಿಕೆ ಅರ್ಧಕ್ಕೆ ನಿಂತ ಹಾಗೆ. ನಾನು ತಿರುಗಲಿಲ್ಲ. ಆಮೆಯಿಂದ ಒಂದೇಟು, ನರಿಯಿಂದ ಒಂದೇಟು. ನಮ್ಮ ಬೀದಿ ಗೆದ್ದಿತು.

ಜನ ಚಪ್ಪಾಳೆ ತಟ್ಟುವುದರ ನಡುವೆ ನನ್ನ ಗಂಡ ಕುರ್ಚಿಗಳನ್ನು ಸರಿಸಿಕೊಂಡು ಓಡಿಬಂದರು. "ಮೇದಿನೀ!" ಎಂದು ಕೂಗಿದರು. ಒಂದು ವರ್ಷದ ಮೇಲೆ ಅವರ ಮೊದಲ ಮಾತು. ಒಡೆದ ಕೊಳವೆಯ ಹಾಗಿತ್ತು ದನಿ. ಅವಳು ಅಪ್ಪನ ದನಿ ಕೇಳಿ ಒಮ್ಮೆಲೇ ಮುಖ ಅರಳಿಸಿ, ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಉಳಿಯಿತು. ರುದ್ರಣ್ಣ ಗಟ್ಟಿಯಾಗಿ ಉಸಿರು ಬಿಟ್ಟು, ತಕ್ಷಣ ನಾಚಿಕೊಂಡು ಹೊರಗೆ ಹೋದ. ವೀರಯ್ಯ ನನ್ನ ಪಕ್ಕ ಬಂದು ನಿಂತರು.

ಮರುದಿನ ಜೇನುತುಪ್ಪದ ಬಾಟಲಿಗಳನ್ನು ಹಳೇ ಅಂಚೆ ಬೀದಿಗೆ ಕೊಟ್ಟು ಬಂದೆವು. ಅವತ್ತಿನಿಂದ ಮೇದಿನಿ ನನ್ನ ಕಡೆ ನೋಡಲಿಲ್ಲ. ಸ್ಲೇಟು ಮೊಳೆಯ ಮೇಲೇ ಇತ್ತು, ಅವಳು ಮುಟ್ಟಲಿಲ್ಲ. ಊಟಕ್ಕೆ ಕೂತರೆ ಅಪ್ಪನ ಹಾಗೆ ತಟ್ಟೆ ತಟ್ಟುವುದೂ ಇಲ್ಲ, ಹಾಕಿದಷ್ಟು ತಿಂದು ಏಳುವಳು. ಮನೆಯಲ್ಲಿ ಈಗ ಮಾತು ಬಂದವರು ನನ್ನ ಗಂಡ. ಅವರಿಗೂ ಮಾತಾಡಲು ಮನಸ್ಸಿರಲಿಲ್ಲ. "ಏನ್ ಮಾಡ್ಲಿ ರೀ?" ಎಂದು ಕೇಳಿದೆ. "ನನ್ನ ಕೇಳಿದ್ರೆ?" ಎಂದು ಬಾಗಿಲಿನ ಕಡೆ ಕಣ್ಣು ತೋರಿಸಿದರು. ಬಾಗಿಲಾಚೆ ಜಗಲಿಯಲ್ಲಿ ಅವಳು ಕೂತಿದ್ದಳು. ನಾನು ಹೋಗಲಿಲ್ಲ. ಹೋಗಿ ಏನು ಹೇಳುವುದು ಎಂದು ಭಯ. ಅಭ್ಯಾಸಬಲದಿಂದ ಫೋನು ತೆಗೆದು, ಮಗಳು ಮಾತಾಡುತ್ತಿಲ್ಲ, ಏನು ಮಾಡಲಿ ಎಂದು ಬರೆಯತೊಡಗಿದೆ.

ಯಾವಾಗ ಒಳಗೆ ಬಂದಳೋ, ಮೇದಿನಿ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. ನಾನು ಬರೆದದ್ದನ್ನು ಓದಿದಳು. ಮೂಗಿನ ಹೊಳ್ಳೆಗಳು ಅಗಲವಾದವು. ನನ್ನ ಅರ್ಧ ಪ್ರಶ್ನೆಯನ್ನು ಅಳಿಸಿ, ಅದೇ ಜಾಗದಲ್ಲಿ ಟಪಟಪನೆ ಬರೆದು ಕಳಿಸಿ ನನ್ನ ಮುಖಕ್ಕೆ ಹಿಡಿದಳು. "ನನ್ನನ್ನ ಒಂದ್ ಸಲಾನೂ ಕೇಳ್ಲಿಲ್ಲ."

ಪಾಪ, ಚಾಟ್‌ಬಾಟ್ ಅದನ್ನು ತನಗೇ ಹೇಳಿದ್ದೆಂದು ತಿಳಿದುಕೊಂಡಿತು. ಅವಳು ಹಿಡಿದುಕೊಂಡಿದ್ದ ಹಾಗೇ ಉತ್ತರ ಬಂತು. "ಕ್ಷಮಿಸಿ, ಕೇಳಬೇಕಿತ್ತು. ಈಗ ಹೇಳಿ, ನಿಮಗೇನು ಬೇಕು?"

ಮೇದಿನಿ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಫೋನನ್ನು ನನ್ನ ಹತ್ತಿರ ತಂದು, ಒಂದನೇ ಕ್ಲಾಸಿನ ಮಗುವಿಗೆ ಓದಲು ಕಲಿಸುವ ಹಾಗೆ ಆ ಸಾಲಿನ ಕೆಳಗೆ ಬೆರಳಿಟ್ಟಳು. ನನಗೆ ಮೊದಲು ಅರ್ಥವಾಗಲಿಲ್ಲ. ಅವಳು ಬೆರಳನ್ನು ಕುಟ್ಟಿದಳು.

"ಕ್ಷಮಿಸು," ಎಂದು ಓದಿದೆ. "ಕೇಳ್ಬೇಕಿತ್ತು ಕಣೇ. ಈಗ ಹೇಳು. ನಿಂಗೇನ್ ಬೇಕು?"

ಅವಳು ಅಡುಗೆಮನೆಗೆ ಹೋಗಿ ಸ್ಲೇಟು ತಂದಳು. ಒಂದೇ ಪದ ಬರೆದಳು. ಬೈಬೇಕು. ಅದರ ಕೆಳಗೆ ಇನ್ನೊಂದು. ಜೋರಾಗಿ.

"ಬರಿ," ಎಂದೆ. "ನೀನ್ ಬರಿ, ನಾನ್ ಓದ್ತೀನಿ."

ಅವಳು ನೆಲದ ಮೇಲೆ ಚಕ್ಕಳಮಕ್ಕಳ ಕೂತು ಬರೆದಳು. ಬಳಪ ಕಿರುಗುಟ್ಟಿತು, ಒಂದು ತುಂಡು ಮುರಿದು ಹಾರಿತು. ನಾನು ಓದಿದೆ. "ನೀನು ಸುಳ್ಳಿ. ನಿಂಗೇನೂ ಆಗಲ್ಲ ಅಂತ ಹೇಳಿದ್ದೆ." ಅವಳು ತೋಳಿನಿಂದ ಒರೆಸಿ ಮತ್ತೆ ಬರೆದಳು. "ರುದ್ರಣ್ಣನ ಮಾತ್ ಕೇಳ್ದೆ, ವೀರಯ್ಯನೋರ್ನ ಕೇಳ್ದೆ, ಫೋನನ್ನ ಕೇಳ್ದೆ. ನಾನೇನು ನಿನ್ ಬೆರಳಾ, ಕೇಳ್ದೆ ಮಡಚೋಕೆ?" ನನ್ನ ಬಾಯಿಂದ ಬಂದ ಆ ಮಾತು ನನಗೇ ಬಂದು ಬಡಿಯಿತು. ಅವಳು ಅಂಗೈಯನ್ನು ಮೇಲಕ್ಕೆ ಮೇಲಕ್ಕೆ ಎತ್ತಿ ತೋರಿಸಿದಳು. ಸಾಲದು, ಇನ್ನೂ ಜೋರಾಗಿ. ಕಿಟಕಿ ತೆರೆದಿತ್ತು. ಎದುರುಮನೆಯಾಕೆ ಬಟ್ಟೆ ಒಣಹಾಕುವುದನ್ನು ಬಿಟ್ಟು ನಿಂತಳು. ಹಿತ್ತಲಿನಿಂದ ನನ್ನ ಗಂಡ ಓಡಿಬಂದು ಹೊಸ್ತಿಲಲ್ಲೇ ನಿಂತರು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡು, ಅವಳು ಮುಂದಿನ ಸಾಲು ಬರೆಯುವುದನ್ನು ಕಾದು, ಬೀದಿಯ ಆ ಕೊನೆಗೂ ಕೇಳುವ ಹಾಗೆ ಓದಿದೆ.